ಎಂಜಲು ಬಣ್ಣ

ಫೋನು ಕೆಳಗಿಟ್ಟದ್ದೇ ತಡ, ಶಾಹಿಸ್ತಾಗೆ ನಗು ಬಂತು. ಬರಬಾರದ ಹೊತ್ತಿಗೇ ಬರುವ ನಗು ಅದು, ಹುಟ್ಟಿದಾಗಿನಿಂದ ಬೆನ್ನು ಹತ್ತಿದ್ದು. ಹೆದರಿಕೆಯಾದರೆ ಉಳಿದವರಿಗೆ ಬಾಯಿ ಒಣಗುತ್ತದೆ, ಕಾಲು ನಡುಗುತ್ತವೆ. ಇವಳಿಗೆ ಹೊಟ್ಟೆಯ ತಳದಿಂದ ಬುಳುಬುಳು ಎಂದು ನಗು ಏಳುತ್ತದೆ. ಮಾವ ತೀರಿಹೋದ ದಿನ ಹೆಂಗಸರ ನಡುವೆ ಕುಳಿತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು. ಪಾಪ, ಅಳು ತಡೆಯಲಾಗುತ್ತಿಲ್ಲ ಎಂದುಕೊಂಡು ನಾಲ್ಕು ಮಂದಿ ಬೆನ್ನು ಸವರಿದ್ದರು, ಆ ಸವರುವಿಕೆಗೆ ನಗು ಇನ್ನಷ್ಟು ಹೆಚ್ಚಾಗಿತ್ತು. ಈಗ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ಕೈಯೆಲ್ಲ ಜೋಳದ ಹಿಟ್ಟು, ಶಾಲೆಯಲ್ಲಿ ಕಲಿಸಿದ ಯಮುನಾಬಾಯಿ ಅಕ್ಕೋರ ದನಿ ಇನ್ನೂ ಕಿವಿಯಲ್ಲಿದೆ, ಇವಳು ಗೋಡೆಗೆ ಆತುಕೊಂಡು ಒಬ್ಬಳೇ ನಗುತ್ತಿದ್ದಾಳೆ. ರೊಟ್ಟಿಯ ಒಂದು ಮಗ್ಗುಲು ಕರಿಯಾಯಿತು.

ಅಕ್ಕೋರು ಹೇಳಿದ್ದು ಹೆಚ್ಚೇನಲ್ಲ. ಸಂಜೆ ನಾಲ್ಕಕ್ಕೆ ಅವರ ಮನೆಗೆ ಭಜನಾ ಮಂಡಳಿಯ ಹೆಂಗಸರು ಬರುತ್ತಾರೆ. ಶಾಹಿಸ್ತಾ ಬಂದು ಎಲ್ಲರ ಕಣ್ಣೆದುರು ಆ ಕೆಂಪು ಸಾಬೂನು ಮಾಡಿ ತೋರಿಸಬೇಕು. ಎಣ್ಣೆ, ಕಾಸ್ಟಿಕ್ ಸೋಡಾ, ಪಾತ್ರೆ ಅವಳವು. ‘ಬೀಟರೂಟ ನಾನ ತರಿಸೇನಿ, ಒಂದು ಕಿಲೊ. ಸಾಕಾಗತದಲ್ಲ?’ ಎಂದು ಕೇಳಿದ್ದರು. ಸಾಕಾಗತೈತ್ರಿ ಅಕ್ಕೋರ, ಎಂದಿದ್ದಳು ಇವಳು. ಎಲುಬಿಲ್ಲದ ನಾಲಿಗೆ, ತಾನಾಗಿಯೇ ಹೊರಳಿತು. ಒಂದು ಕಿಲೊ ಯಾಕೆ, ಗದಗಿನ ಮಾರ್ಕೆಟ್ಟಿನ ಬೀಟರೂಟೆಲ್ಲ ತಂದು ಸುರಿದರೂ ಆ ಸಾಬೂನು ಕೆಂಪಾಗುವುದಿಲ್ಲವೆಂದು ಇಡೀ ಬೆಟಗೇರಿಯಲ್ಲಿ ಬಲ್ಲವರು ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬಳು ನಾದಿನಿ ನಸ್ರೀನ. ಆ ನಸ್ರೀನಳೂ ಡೋಣಿ ಊರಿನಲ್ಲಿ ಯಾವುದೋ ಮದುಮಗಳ ಮುಖಕ್ಕೆ ಬಣ್ಣ ಹಚ್ಚಲು ನಸುಕಿನಲ್ಲೇ ಬಸ್ಸು ಹತ್ತಿ ಹೋಗಿದ್ದಳು.

ಹಾಗಂತ ಶಾಹಿಸ್ತಾ ಮೊದಲಿನಿಂದಲೂ ಸುಳ್ಳಿಯೇನಲ್ಲ. ಫೋನಿನಲ್ಲಿ ನೋಡಿ ಸಾಬೂನು ಮಾಡಲು ಕಲಿತಾಗ ನಿಜವಾಗಿಯೂ ಬೀಟರೂಟನ್ನೇ ಹೆರೆದು ಹಿಂಡಿ ಹಾಕಿದ್ದಳು. ಕೊಬ್ಬರಿ ಎಣ್ಣೆಗೆ ಸೋಡಾದ ನೀರು ಹೊಯ್ದು, ಅಂಬಲಿಯ ಹದಕ್ಕೆ ಬರುವತನಕ ತಿರುವಿ, ರಸ ಹಾಕಿದೊಡನೆ ಅಬ್ಬಾ ಏನು ಕೆಂಪು, ಮದುವೆಯ ಸೀರೆಯ ಕೆಂಪು. ಕುಣಿಯುವುದೊಂದೇ ಬಾಕಿ. ನೂರು ಎಣಿಸುವುದರೊಳಗೆ ಆ ಕೆಂಪು ಸತ್ತಿತು. ಸೋಡಾ ಅದನ್ನು ತಿಂದಿತು. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಹೆಸರು ಹೇಳಬಾರದಂಥ ಬಣ್ಣ. ಸ್ಟೇಶನ್ ರೋಡಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ ಶಾನವಾಜ ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ನೋಡಿ, ಇದನ್ನ ಹಚ್ಚಿಕೊಂಡ ಮ್ಯಾಲೆ ಮತ್ತೊಮ್ಮೆ ಮೈ ತೊಳಕೋಬೇಕಾಗತೈತಿ ಎಂದಿದ್ದ. ಆಮೇಲೆ ಸಾಬೂನು ಕೆಂಪಾದದ್ದು ಹೇಗೆಂದು ಅವನು ಕೇಳಲಿಲ್ಲ, ಗಂಡಸರು ಇಂಥದ್ದನ್ನೆಲ್ಲ ಕೇಳುವುದಿಲ್ಲ. ಕೆಂಪಾದದ್ದು ನಸ್ರೀನಳ ಬಿಸ್ಕೀಟಿನ ಡಬ್ಬಿಯಿಂದ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಸುತ್ತಿ ಮದುಮಕ್ಕಳನ್ನು ಸಿಂಗರಿಸುವ ನಸ್ರೀನ ಮುಗಿದ ಲಿಪ್‌ಸ್ಟಿಕ್ಕಿನ ಬುಡಗಳನ್ನು, ಒಡೆದ ಗಲ್ಲದ ಬಣ್ಣಗಳನ್ನು, ರೆಪ್ಪೆಗೆ ಹಚ್ಚುವ ಮಿಣಮಿಣ ಪುಡಿಯ ತಳವನ್ನು ಆ ಡಬ್ಬಿಯಲ್ಲಿ ಗುಡ್ಡೆ ಹಾಕಿದ್ದಳು. ಬಿಸಾಡಲು ಮನಸ್ಸಿಲ್ಲ, ಹಚ್ಚಲು ಬರುವುದಿಲ್ಲ. ಒಂದು ಮಧ್ಯಾಹ್ನ ಶಾಹಿಸ್ತಾ ಹೇರಪಿನ್ನಿನಿಂದ ಒಂದು ಬುಡವನ್ನು ಕೆದಕಿ ಬಿಸಿ ಎಣ್ಣೆಯಲ್ಲಿ ಕರಗಿಸಿದಳು. ಸೋಡಾ ಬಂತು, ಬಣ್ಣವನ್ನು ಮುಟ್ಟಿ ನೋಡಿತು, ಅದರ ಆಟ ನಡೆಯಲಿಲ್ಲ. ಮರುದಿನ ಮಿಠಾಯಿ ಡಬ್ಬಿಯಿಂದ ಕತ್ತರಿಸಿ ತೆಗೆದರೆ ಗುಲಾಬಿ ಪೇಡೆಯಂಥ ಸಾಬೂನು.

ಆಗಿನಿಂದ ಪ್ರತಿಯೊಂದು ಸಾಬೂನಿಗೂ ಮನಸ್ಸಿನಲ್ಲೇ ಒಂದು ಹೆಸರು. ಇದು ಹಮ್ಮಿಗಿಯ ಮದುಮಗಳು, ಸೋಡಾ ತಾಗಿ ಸ್ವಲ್ಪ ನೇರಳೆಗೆ ತಿರುಗಿದ್ದಾಳೆ. ಇದು ಶಿರಹಟ್ಟಿಯವಳು, ಮಿಣಮಿಣ ಜಾಸ್ತಿ. ಇದು ಲಕ್ಕುಂಡಿಯವಳು, ಗಟ್ಟಿಗಿತ್ತಿ, ಏನು ಮಾಡಿದರೂ ಬಣ್ಣ ಬಿಡುವುದಿಲ್ಲ. ಓಣಿಯ ಹೆಂಗಸರು ಒಂದೊಂದು ಒಯ್ದರು, ಚಂದ ಐತಿ ಎಂದರು. ಅಲ್ಲಿಗೆ ಮುಗಿದಿದ್ದರೆ ಯಾವ ತಂಟೆಯೂ ಇರಲಿಲ್ಲ. ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಯಮುನಾಬಾಯಿ ಅಕ್ಕೋರು ಸಿಕ್ಕರು. ನಾಲ್ಕನೇ ಇಯತ್ತೆಯಲ್ಲಿ ಕಲಿಸಿದವರು, ಈಗ ಎಪ್ಪತ್ತನಾಲ್ಕು, ಮದುವೆಯಾಗಲಿಲ್ಲ, ಹಿಂದಿನ ಓಣಿಯಲ್ಲಿ ಒಬ್ಬರೇ, ಕಟ್ಟಾ ಮಡಿ. ಅಂಗಡಿ ಸಾಬೂನಿನಲ್ಲಿ ದನದ ಕೊಬ್ಬು ಇರುತ್ತದೆಂದು ಯಾರೋ ಕಿವಿಯಲ್ಲಿ ಊದಿದ್ದರು, ಕಡಲೆ ಹಿಟ್ಟು ಹಚ್ಚಿದರೆ ಚರ್ಮ ಉರಿಯುತ್ತಿತ್ತು. ನೀನು ಬರೇ ಕೊಬ್ಬರಿ ಎಣ್ಣಿಯಿಂದ ಮಾಡತೀಯಂತಲ್ಲ, ಖರೇನ, ಎಂದು ಕೇಳಿದರು. ಖರೆ. ಆಮೇಲೆ ಬಣ್ಣ ಯಾತರದು ಎಂದರು. ಶಾಹಿಸ್ತಾ ಬೀಟರೂಟದ್ದು ಎಂದಳು. ಆಗ ಅವರು ಅಂದರು, ಹಾಲಿನ ಚೀಲ ಎಡಗೈಗೆ ಬದಲಾಯಿಸಿಕೊಂಡು, ಬಲಗೈ ಎತ್ತಿ, ತಲೆಯ ಮೇಲೆ ಇಡಲಿಲ್ಲ, ಇಟ್ಟ ಹಾಗೆ ಮಾಡಿ, ‘ಶಾಬಾಸ್’ ಎಂದರು.

ಶಾಬಾಸ್. ಇಡೀ ನಾಲ್ಕನೇ ಇಯತ್ತೆಯಲ್ಲಿ ಉಳಿದವರಿಗೆಲ್ಲ ಸಿಕ್ಕು ಇವಳಿಗೊಬ್ಬಳಿಗೆ ಸಿಗದೇ ಹೋದ ಮಾತು. ಮಗ್ಗಿ ತಪ್ಪಿಲ್ಲದೆ ಹೇಳಿದ ದಿನವೂ ‘ಹ್ಞೂಂ, ಕೂಡು’ ಎಂದಷ್ಟೇ. ಮೂವತ್ತೊಂಬತ್ತು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ, ಆ ದಿನ ಹಾಲಿನ ಪಾಕೀಟು ಅಲ್ಲೇ ಬಿಟ್ಟು ಮನೆಗೆ ಬಂದಿದ್ದಳು. ಅದೇ ಸಂಜೆ ಒಂದು ಸಾಬೂನು ಕೊಡಲು ಹೋದರೆ ಅಕ್ಕೋರು ಅದನ್ನು ಕಟ್ಟೆಯ ಮೇಲೆ ಇರಿಸಿಕೊಂಡು, ಒಂದು ಚಂಬು ನೀರು ಹೊಯ್ದು, ಆಮೇಲೆ ಒಳಗೆ ಒಯ್ದರು. ಸಾಬೂನನ್ನೂ ತೊಳೆಯುವವರನ್ನು ಶಾಹಿಸ್ತಾ ಅವತ್ತೇ ನೋಡಿದ್ದು. ತೊಳೆದರು, ಆದರೆ ಏನನ್ನು ತೊಳೆಯುತ್ತಿದ್ದಾರೆಂದು ಗೊತ್ತಿರಲಿಲ್ಲ. ಶಾಹಿಸ್ತಾಗೂ ಆ ಕ್ಷಣದತನಕ ಹೊಳೆದಿರಲಿಲ್ಲ. ದಾರಿಯಲ್ಲಿ ಬರುತ್ತ ಹೊಳೆಯಿತು, ಹೊಳೆದು ನಡುರಸ್ತೆಯಲ್ಲಿ ನಿಲ್ಲಿಸಿತು. ಲಿಪ್‌ಸ್ಟಿಕ್ಕಿನ ಬುಡ ಎಂದರೆ ಏನು? ಯಾರದೋ ತುಟಿ ಮುಟ್ಟಿದ್ದು. ಒಬ್ಬರದಲ್ಲ, ಹತ್ತು ಮಂದಿಯದು. ಎಂಜಲು. ಒಬ್ಬರು ಕುಡಿದ ಲೋಟವನ್ನು ಎರಡು ಸಲ ಹುಣಸೆ ಹಚ್ಚಿ ತಿಕ್ಕುವ, ನೀರನ್ನು ಎತ್ತಿಯೇ ಕುಡಿಯುವ ಯಮುನಾಬಾಯಿ ಅಕ್ಕೋರು ನಾಳೆ ನಸುಕಿನ ಐದು ಗಂಟೆಗೆ, ಯಾರೂ ಮುಟ್ಟದ ನೀರಿನಲ್ಲಿ, ದೇವರ ಪೂಜೆಯ ಮಡಿಗೆಂದು, ಹಮ್ಮಿಗಿಯ ಯಾವುದೋ ಹುಡುಗಿಯ ಎಂಜಲನ್ನು ಮೈತುಂಬ ಹಚ್ಚಿಕೊಳ್ಳುತ್ತಾರೆ.

ಆಗ ಬಂದಿತ್ತು ನೋಡಿ ನಗು. ಕೆಟ್ಟ ನಗು, ಸೇಡಿನದು. ಪಾಪ ಕಟ್ಟಿಕೊಂಡೆ ಎಂದು ಮನಸ್ಸು ಅನ್ನುತ್ತಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ನಗುತ್ತಿತ್ತು. ಮರುದಿನ ಹೋಗಿ ಹೇಳಿಬಿಡಬೇಕು ಎಂದುಕೊಂಡಳು. ಮರುದಿನ ಅಕ್ಕೋರೇ ಓಣಿಯಲ್ಲಿ ಸಿಕ್ಕು, ಮೈಯೆಲ್ಲ ಹತ್ತಿಯ ಹಾಗಾಗ್ಯದ, ಶಾಬಾಸ್, ಎಂದು ಮತ್ತೊಮ್ಮೆ ಅಂದರು. ಹೇಗೆ ಹೇಳುವುದು? ಬಾಯಿಗೆ ಬಂದ ತುತ್ತನ್ನು ಯಾರಾದರೂ ಉಗುಳುತ್ತಾರೆಯೇ? ಆಮೇಲೆ ಎರಡನೆಯ ಸಾಬೂನು, ಮೂರನೆಯದು. ಹಮ್ಮಿಗಿ ಸವೆದಳು, ಶಿರಹಟ್ಟಿ ಸವೆದಳು, ಈಗ ಅಕ್ಕೋರ ಬಚ್ಚಲಲ್ಲಿ ಮುಂಡರಗಿಯವಳಿದ್ದಾಳೆ. ಮಸೀದಿಯ ನಸುಕಿನ ಬಾಂಗಿಗೆ ಎಚ್ಚರವಾದಾಗಲೆಲ್ಲ ಶಾಹಿಸ್ತಾ ಹಾಸಿಗೆಯಲ್ಲೇ ಕಣ್ಣು ಮುಚ್ಚಿ ನೋಡುತ್ತಾಳೆ. ಅಕ್ಕೋರು ನೀರು ಹೊಯ್ದುಕೊಳ್ಳುತ್ತಿದ್ದಾರೆ, ಬಾಯಲ್ಲಿ ಸ್ತೋತ್ರ, ಕೈಯಲ್ಲಿ ಮುಂಡರಗಿಯ ಮದುಮಗಳು.

ಸೀದ ರೊಟ್ಟಿಯನ್ನು ಆಕಳಿಗೆ ಹಾಕಿ ಬಂದು ಮುಸುರೆ ತಿಕ್ಕುತ್ತ ಕುಳಿತಳು. ಹಳೆಯದು ನೆನಪಾಯಿತು. ಮೂವತ್ತು ವರ್ಷದ ಹಿಂದೆ, ಲಕ್ಷ್ಮೇಶ್ವರದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಒಂಬತ್ತು ವರ್ಷದ ಶಾಹಿಸ್ತಾಳ ತುಟಿಗೆ ಯಾರೋ ಅಕ್ಕ ತಮಾಷೆಗೆ ಕೆಂಪು ಹಚ್ಚಿದ್ದಳು. ಎರಡು ದಿನ ಅದನ್ನು ಕಾಪಾಡಿದ್ದಳು ಹುಡುಗಿ. ತುಟಿ ಅಗಲಿಸಿ ಬಿರ್ಯಾನಿ ತಿಂದಳು, ನೀರು ಎತ್ತಿ ಕುಡಿದಳು, ಅಂಗಾತ ಮಲಗಿದಳು. ಸೋಮವಾರ ಶಾಲೆಗೆ ಹೋಗುವಾಗ ಬಣ್ಣ ಅರ್ಧಕ್ಕರ್ಧ ಹೋಗಿತ್ತು, ಉಳಿದರ್ಧವೇ ಸಾಕಾಗಿತ್ತು. ಅಕ್ಕೋರು ನೋಡುತ್ತಾರೆ, ಏನಾದರೂ ಅನ್ನುತ್ತಾರೆ, ಚಂದ ಕಾಣತಿ ಅಂದರೂ ಅಂದಾರು. ಅಕ್ಕೋರು ನೋಡಿದರು. ಇಲ್ಲಿ ಬಾ ಎಂದರು. ಪಾಟಿ ಒರೆಸುವ ಅರಿವೆ ಮೊಳೆಗೆ ತೂಗುತ್ತಿತ್ತು, ಅದನ್ನು ನೀರಿನಲ್ಲಿ ಅದ್ದಿ, ಎಡಗೈಯಿಂದ ಗದ್ದ ಹಿಡಿದು, ತಿಕ್ಕಿದರು. ಬಳಪದ ಧೂಳಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಹೆದರಿಕೆಗೆ ಹುಡುಗಿಗೆ ನಗು ಬಂತು. ನಗತೀಯೇನ, ಎಂದು ಇನ್ನೂ ಜೋರಾಗಿ ತಿಕ್ಕಿದರು. ಕ್ಲಾಸೆಲ್ಲ ನಕ್ಕಿತು. ತುಟಿ ಒಡೆದು ಚೂರು ರಕ್ತ ಬಂತೋ ಏನೋ, ಬಣ್ಣ ಯಾವುದು ರಕ್ತ ಯಾವುದು ಎಂದು ಅರಿವೆಯ ಮೇಲೆ ತಿಳಿಯುವಂತಿರಲಿಲ್ಲ. ಆ ಅರಿವೆಯನ್ನು ಅಕ್ಕೋರು ಮೊಳೆಗೆ ತಿರುಗಿ ಹಾಕಲಿಲ್ಲ, ನಾಲ್ಕು ಮಡಿಕೆ ಮಾಡಿ ತಮ್ಮ ಕೈಚೀಲದಲ್ಲಿಟ್ಟುಕೊಂಡರು. ಮರುದಿನ ಮೊಳೆಗೆ ಬೇರೆ ಅರಿವೆ ಬಂದಿತ್ತು. ಬೈದದ್ದಕ್ಕಿಂತ, ತಿಕ್ಕಿದ್ದಕ್ಕಿಂತ ಅದು ಚುಚ್ಚಿತ್ತು. ತನ್ನ ಬಾಯಿ ತಾಗಿತೆಂದು ಅರಿವೆಯನ್ನೇ ಎಲ್ಲೋ ದೂರ ಒಗೆದುಬಿಟ್ಟರು ಎಂದು ಆಗ ತಿಳಿದದ್ದು ಹಾಗೆಯೇ ಉಳಿದಿತ್ತು. ಮುಸುರೆಯ ನೀರಲ್ಲಿ ಶಾಹಿಸ್ತಾ ಒಂದೇ ತಾಟನ್ನು ಎಷ್ಟು ಹೊತ್ತಿನಿಂದಲೋ ತಿಕ್ಕುತ್ತಿದ್ದಳು.

ಒಂದೂವರೆಗೆ ನಸ್ರೀನ ಬಂದಳು. ಡೋಣಿಯ ಮದುಮಗಳು ಅತ್ತೂ ಅತ್ತೂ ಕಣ್ಣಿನ ಕರಿ ಗಲ್ಲಕ್ಕಿಳಿಸಿಕೊಂಡಳಂತೆ, ಮೂರು ಸಲ ಹಚ್ಚಬೇಕಾಯಿತಂತೆ. ಸುದ್ದಿ ಕೇಳಿ ಅವಳು ಬುರ್ಖಾ ಕೂಡ ತೆಗೆಯದೆ ನೆಲಕ್ಕೆ ಕುಳಿತು ನಕ್ಕಳು. ಅತ್ತಿಗೆ ನಾದಿನಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಶಾಹಿಸ್ತಾಗೆ ಕಣ್ಣಲ್ಲಿ ನೀರು ಬಂತು, ನಸ್ರೀನ ಅದನ್ನು ಕಂಡಳು. ಭಾಬಿ, ಹೆದರಬ್ಯಾಡ, ಎಂದಳು. ಅವಳ ತಲೆ ಇಂಥದ್ದಕ್ಕೆ ಭಾರಿ ಚುರುಕು. ಎಣ್ಣೆಯಲ್ಲಿ ಮೊದಲೇ ಬಣ್ಣ ಕರಗಿಸಿ ಸ್ಟೀಲಿನ ಡಬ್ಬಿಯಲ್ಲಿ ಒಯ್ದರೆ ಯಾರಿಗೆ ತಿಳಿಯುತ್ತದೆ? ಹೆಂಗಸರು ಸೋಡಾದ ಹೊಗೆಗೆ ಹೆದರಿ ದೂರ ನಿಲ್ಲುತ್ತಾರೆ. ಬೀಟರೂಟಿನ ರಸ ಹೆಸರಿಗೆ ಒಂದು ಚಮಚ. ಕೆಂಪು ತಾನೇ ಬಂದಂತೆ ಬರುತ್ತದೆ. ಅವಳೇ ಡಬ್ಬಿ ತಡಕಿ ಲಕ್ಕುಂಡಿಯವಳ ಬುಡವನ್ನು ಹೊರತೆಗೆದಳು. ‘ಈಕಿನ್ನ ತಗೋ. ಮದಿವ್ಯಾಗ ಬೆಳಗ್ಗಿಂದ ಸಂಜಿತನಕ ತಿಂದಳು, ಕುಡದಳು, ಅತ್ತಳು. ಬಣ್ಣ ಅಲಗಾಡಲಿಲ್ಲ.’ ಅರ್ಧ ಕೆದಕಿ ಎಣ್ಣೆಗೆ ಹಾಕಿದಳು. ಉಳಿದ ಚೂರನ್ನು, ಸಾಲದೆ ಬಂದರೆ ಇರಲಿ ಎಂದು, ಕೊಳವೆ ಸಮೇತ ಶಾಹಿಸ್ತಾಳ ಕೈಗೆ ತುರುಕಿದಳು. ಇವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಶಾಹಿಸ್ತಾ ಬಣ್ಣದ ಎಣ್ಣೆಯ ಜೊತೆಗೆ ಬರಿಯ ಎಣ್ಣೆಯ ಇನ್ನೊಂದು ಡಬ್ಬಿಯನ್ನೂ ಚೀಲದಲ್ಲಿಟ್ಟಳು. ಯಾಕೆ ಎಂದು ನಸ್ರೀನ ಕೇಳಿದಳು. ಸುಮ್ಮನೆ, ಎಂದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಓಣಿ ದಾಟುವಾಗ ಮಗ್ಗಗಳ ಖಟಖಟ ಸದ್ದು ಎರಡೂ ಬದಿಯಿಂದ. ಇಷ್ಟು ದಿನ ಕೇಳಿದ ಸದ್ದೇ, ಇವತ್ತು ಸಿಕ್ಕಿಬಿದ್ದಿ, ಸಿಕ್ಕಿಬಿದ್ದಿ ಎನ್ನುತ್ತಿರುವ ಹಾಗೆ ಕೇಳಿ ಮತ್ತೆ ನಗು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಹಗ್ಗಕ್ಕೆ ಒಣಹಾಕಿದ್ದರು, ಕೆಂಪು, ನೇರಳೆ, ಗುಲಾಬಿ. ಹಮ್ಮಿಗಿ, ಶಿರಹಟ್ಟಿ, ಮುಂಡರಗಿ ಎಂದು ಮನಸ್ಸು ಹೆಸರಿಡುತ್ತ ನಡೆಯಿತು. ಕಟ್ಟೆಯ ಮೇಲೆ ಕುಳಿತ ನೇಕಾರ ಸಕ್ರಪ್ಪ ಕಾಕಾ ಏನವ್ವಾ ಹಬ್ಬ ಏನು, ಮಾರಿ ಅರಳೇತಿ, ಎಂದ. ಹೌದ್ರಿ ಕಾಕಾ, ಹಬ್ಬಾನ, ಎಂದಳು. ಇವನ ಹೆಂಡತಿಯೂ ಒಂದು ಸಾಬೂನು ಒಯ್ದಿದ್ದಾಳೆ, ಇವನ ಕೊರಳ ಹತ್ತಿರ ಏನೋ ಮಿಣುಕುತ್ತಿದೆ, ಶಿರಹಟ್ಟಿಯವಳೇ ಇರಬೇಕು. ಇಡೀ ಬೆಟಗೇರಿ ತನಗರಿವಿಲ್ಲದೆ ಮದುಮಕ್ಕಳ ಬಣ್ಣದಲ್ಲಿ ಮಿಂದು ಓಡಾಡುತ್ತಿದೆ, ಯಾರಿಗೂ ಏನೂ ಆಗಿಲ್ಲ, ಆಕಾಶ ಕಳಚಿ ಬಿದ್ದಿಲ್ಲ. ಹಾಗಾದರೆ ತನಗೇಕೆ ಇಷ್ಟು ಹೆದರಿಕೆ? ಪಾಪಕ್ಕಲ್ಲ, ಅದು ಖರೆ ಅಲ್ಲ. ಆ ಒಂದು ಶಾಬಾಸ್ ಹೋಗುತ್ತದಲ್ಲ, ಅದಕ್ಕೆ. ಅಕ್ಕೋರು ಅದನ್ನು ತಿರುಗಿ ತೆಗೆದುಕೊಂಡು, ಇಷ್ಟು ವರ್ಷ ಕೊಡದೆ ಇದ್ದದ್ದೇ ಸರಿಯಿತ್ತು ಎಂದುಕೊಳ್ಳುತ್ತಾರಲ್ಲ, ಅದಕ್ಕೆ.

ಅಕ್ಕೋರ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಮಂಡಳಿಯ ಶ್ರೀಲಕ್ಷ್ಮೀ, ಬ್ಯಾಂಕಿನಲ್ಲಿ ಕೆಲಸ, ಏನು ಕೊಂಡರೂ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ಬಿಡುವವಳಲ್ಲ. ಶಾಹಿಸ್ತಾಗಾಗಿ ಬಾಗಿಲ ಹತ್ತಿರ ಬೇರೆ ಮಣೆ ಹಾಕಿದ್ದರು. ಅವಳು ಕುಳಿತಳು, ಪಾತ್ರೆ ಜೋಡಿಸಿದಳು. ಅಕ್ಕೋರು ಒಳಗಿನಿಂದ ಬಂದರು. ಎರಡೂ ಕೈಯಲ್ಲಿ ದೊಡ್ಡ ಬೋಗುಣಿ, ಅದರ ತುಂಬ ಹೆರೆದ ಬೀಟರೂಟು. ಅವರ ಕೈ ಮೊಳಕೈತನಕ ಕೆಂಪಾಗಿತ್ತು, ಬಿಳಿಯ ಕುಪ್ಪಸದ ತೋಳಿಗೂ ಕಲೆ. ಹನ್ನೆರಡಕ್ಕೆ ಕುಳಿತವರು ಈಗ ಎದ್ದರಂತೆ, ಮಿಕ್ಸರಿನಲ್ಲಿ ಹಾಕಿದರೆ ಬಣ್ಣ ಸುಡುತ್ತದೆ ಎಂದು ಕೈಯಲ್ಲೇ ಹೆರೆದರಂತೆ. ಎಪ್ಪತ್ತನಾಲ್ಕು ವರ್ಷದ ಬೆರಳು, ಒಂದರ ತುದಿಗೆ ಹೆರೆಮಣೆ ತಾಗಿ ಗಾಯವೂ ಆಗಿತ್ತು. ಬೋಗುಣಿಯನ್ನು ಇವಳ ಮುಂದಿಟ್ಟು, ಹೆಂಗಸರ ಕಡೆ ತಿರುಗಿ, ‘ಈಕಿ ನನ್ನ ವಿದ್ಯಾರ್ಥಿನಿ’ ಎಂದರು. ನಾಲ್ಕನೇ ಇಯತ್ತೆಯಲ್ಲಿ ಕಲಿಸಿದ್ದೆ, ಆಗ ನನಗೆ ಈಕೆಯ ಗುಣ ತಿಳಿಯಲಿಲ್ಲ, ಎಂದರು. ಇಷ್ಟೇ ಹೇಳಿ ಕಂಬಕ್ಕೆ ಆತು ಕುಳಿತರು. ಸೋತ ಕೈಗಳನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡಿದ್ದರು.

ಚೀಲದೊಳಗೆ ಕೈ ಹಾಕಿದಾಗ ಎರಡು ಡಬ್ಬಿಗಳೂ ತಾಗಿದವು. ಬಣ್ಣದ್ದು ಬಲಕ್ಕೆ, ಬರಿಯದ್ದು ಎಡಕ್ಕೆ. ಬಲಗೈ ಬಲದ ಡಬ್ಬಿಯ ಕೊರಳು ಹಿಡಿದಿತ್ತು. ತೆಗೆದು ಹೊಯ್ದರೆ ಮುಗಿಯಿತು, ಎಲ್ಲರೂ ಕೈ ತಟ್ಟುತ್ತಾರೆ. ಶಾಹಿಸ್ತಾ ಅಕ್ಕೋರ ಕೈಗಳನ್ನು ನೋಡಿದಳು. ಆ ಕೆಂಪು ತನ್ನ ಸುಳ್ಳಿನ ಕೆಂಪು. ತಾನು ಬಾಯಿಗೆ ಬಂದಂತೆ ಅಂದದ್ದನ್ನು ಆ ಮುದುಕಿ ನಂಬಿ, ನಾಲ್ಕು ತಾಸು ಕುಳಿತು, ತನಗಾಗಿ ಹೆರೆದಿದ್ದಾರೆ. ತನ್ನ ಬಾಯಿಯ ಮಾತನ್ನು ಹೀಗೆ ಮೈಗೆ ಹಚ್ಚಿಕೊಂಡವರು ಇನ್ನಾರಿದ್ದಾರೆ? ಅವಳು ಎಡದ ಡಬ್ಬಿ ತೆಗೆದಳು. ಬರಿಯ ಎಣ್ಣೆ ಹೊಯ್ದಳು. ಸೋಡಾದ ನೀರು ಹೊಯ್ದು ತಿರುವತೊಡಗಿದಾಗ ಹೆಂಗಸರು ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು. ಅಂಬಲಿಯಾಯಿತು. ಬೀಟರೂಟನ್ನು ಹಿಂಡಿ ರಸ ಬಿಟ್ಟಳು. ಅಹಹಾ ಎಂದರು ಎಲ್ಲರೂ, ಎಂಥಾ ಬಣ್ಣ, ಎಂದರು. ಶಾಹಿಸ್ತಾ ತಿರುವುತ್ತ ಮನಸ್ಸಿನಲ್ಲೇ ಎಣಿಸತೊಡಗಿದಳು. ನಲವತ್ತಕ್ಕೆ ಅಂಚು ಹಳದಿಗೆ ತಿರುಗಿತು. ಎಪ್ಪತ್ತಕ್ಕೆ ಕೆಂಪು ಎಲ್ಲೂ ಇರಲಿಲ್ಲ. ನೂರಕ್ಕೆ ಪಾತ್ರೆಯಲ್ಲಿದ್ದದ್ದನ್ನು ಕಂಡು ಯಾರೋ ಹಿಂದಿನಿಂದ ಅಯ್ಯ ಇದೇನಿದು ಎಂದರು.

ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಕಟ್ಟಿಗೆಯ ಸವಟು ಕೈಯಲ್ಲೇ ಹಿಡಿದು, ಕಂದು ಅಂಬಲಿಯ ಮುಂದೆ ಕುಳಿತು ನಕ್ಕಳು. ಅಕ್ಕೋರ ಹುಬ್ಬು ಗಂಟಾಯಿತು, ಅದೇ ಹಳೆಯ ಗಂಟು, ಇನ್ನೊಂದು ಚಣಕ್ಕೆ ನಗತೀಯೇನ ಎನ್ನುತ್ತಾರೆ. ಅವರು ಅನ್ನುವ ಮೊದಲೇ ಶಾಹಿಸ್ತಾ ಕುಪ್ಪಸದೊಳಗಿನ ಕರವಸ್ತ್ರ ಬಿಚ್ಚಿ ಲಕ್ಕುಂಡಿಯವಳ ಚೂರನ್ನು ಪಾತ್ರೆಯ ಪಕ್ಕ ನೆಲದ ಮೇಲಿಟ್ಟಳು. ಹಿತ್ತಾಳೆಯ ಬಣ್ಣದ ಕೊಳವೆ, ಅದರ ತಳದಲ್ಲಿ ಉಗುರಿನಷ್ಟು ಕೆಂಪು.

‘ಅಕ್ಕೋರ, ಬಣ್ಣ ಬೀಟರೂಟದ್ದಲ್ಲರಿ. ಇದರದು. ನಮ್ಮ ನಸ್ರೀನ ಮದುಮಕ್ಕಳಿಗೆ ಹಚ್ಚಿ ಉಳಿಸಿದ್ದು. ಹತ್ತು ಮಂದಿ ತುಟಿ ಮುಟ್ಟಿದ್ದು. ಎಂಜಲ ಐತ್ರಿ. ಮೂರು ತಿಂಗಳಿಂದ ನಾ ನಿಮಗ ಎಂಜಲಾ ಕೊಟ್ಟೇನಿ.’

ಹೇಳಿ ಮುಗಿದ ಮೇಲೂ ನಗು ನಿಲ್ಲಲಿಲ್ಲ, ಕಣ್ಣೀರೂ ಕೂಡಿಕೊಂಡಿತು, ಮೂಗಿನಲ್ಲೂ ಬಂತು, ಎಂಥ ಅವಸ್ಥೆ ಎಂದು ಅವಳಿಗೇ ಹೇಸಿಕೆಯಾಯಿತು. ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಒಬ್ಬಳು ಎದ್ದೇ ನಿಂತಳು, ಅವಳ ಬಚ್ಚಲಲ್ಲೂ ಒಂದು ಸಾಬೂನು ಇದ್ದಿರಬೇಕು. ಶ್ರೀಲಕ್ಷ್ಮೀ ಮಾತ್ರ ದನಿ ಏರಿಸದೆ, ಬ್ಯಾಂಕಿನಲ್ಲಿ ಅರ್ಜಿ ತಿರುಗಿಸಿ ಕೊಡುವವಳಂತೆ, ಇದಕ್ಕ ಪಂಚಗವ್ಯಾನ ತಗೋಬೇಕು, ಮೂರು ತಿಂಗಳ ಪೂಜಿ ಎಲ್ಲಾ ಹೋದಂಗ ಆತು ನಿಮ್ಮದು, ಎಂದಳು. ಅಕ್ಕೋರು ನಿಧಾನಕ್ಕೆ ಎದ್ದು ಬಂದು, ಬಗ್ಗಿ, ಆ ಚೂರನ್ನು ಎತ್ತಿಕೊಂಡರು. ಬರಿಗೈಯಲ್ಲಿ, ನೀರು ಹೊಯ್ಯದೆ. ಮೂಗಿನ ಹತ್ತಿರ ಹಿಡಿದರು. ಹಿಡಿದದ್ದನ್ನು ಬಹಳ ಹೊತ್ತು ಇಳಿಸಲಿಲ್ಲ.

‘ಪಂಚಗವ್ಯಕ್ಕ ಹೋಗೂದಲ್ಲ ಇದು ಶ್ರೀಲಕ್ಷ್ಮೀ,’ ಎಂದರು. ‘ಮೂರು ತಿಂಗಳದ್ದಲ್ಲ. ಮೂವತ್ತು ವರ್ಷದ್ದು.’

ಯಾರಿಗೂ ಅರ್ಥವಾಗಲಿಲ್ಲ. ಇವತ್ತು ಭಜನೆ ಇಲ್ಲ, ನಾಳೆ ನೋಡೋಣು, ಎಂದು ಅಕ್ಕೋರು ಎಲ್ಲರನ್ನೂ ಕಳಿಸಿದರು. ಮಾಸ್ತರಿಕೆಯ ದನಿಯಲ್ಲೇ ಕಳಿಸಿದರು, ಯಾರೂ ಎದುರಾಡಲಿಲ್ಲ. ಚಪ್ಪಲಿಗಳ ಸದ್ದು ಓಣಿಯಲ್ಲಿ ಕರಗಿತು. ಶಾಹಿಸ್ತಾ ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಲಿನ ನಳಕ್ಕೆ ಹೋದಳು. ಇನ್ನು ಈ ಮನೆಯ ಹೊಸಿಲು ತುಳಿಯುವ ಹಾಗಿಲ್ಲ, ಕನಿಷ್ಠ ಕಲೆ ಬಿಡದೆ ತೊಳೆದಾದರೂ ಹೋಗಬೇಕು. ಅಕ್ಕೋರು ಹಿಂದೆಯೇ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಚೂರು ಇನ್ನೂ ಅವರ ಮುಷ್ಟಿಯಲ್ಲಿತ್ತು.

ಎದುರಿನ ಗೋಡೆ ನೋಡುತ್ತ ಅಕ್ಕೋರು ಮಾತು ತೆಗೆದರು. ಸಾಬೂನು ಹಚ್ಚಿಕೊಳ್ಳುವಾಗ ಮೊದಲ ದಿನದಿಂದಲೂ ಯಾವುದೋ ವಾಸನೆ ಬರುತ್ತಿತ್ತು, ಏನೆಂದು ನೆನಪಾಗುತ್ತಿರಲಿಲ್ಲ, ಆದರೆ ಸ್ತೋತ್ರ ಹೇಳುತ್ತ ಹೇಳುತ್ತ ಸುಮ್ಮನೆ ನಗು ಬರುತ್ತಿತ್ತು. ಮುಪ್ಪಿಗೆ ಹುಚ್ಚು ಹಿಡಿಯಿತೇನೋ ಎಂದು ಯಾರಿಗೂ ಹೇಳಿರಲಿಲ್ಲ. ಈಗ ಇದನ್ನು ಮೂಸಿದ ಮೇಲೆ ತಿಳಿಯಿತು. ಆ ಅರಿವೆಯ ವಾಸನೆ.

‘ಆ ಅರಿವಿ ನಾ ಎಲ್ಲೂ ಒಗೀಲಿಲ್ಲ ಶಾಹಿಸ್ತಾ. ಮನಿಗೆ ಒಯ್ದೆ. ಕದಾ ಹಾಕಿಕೊಂಡು, ಹಸೀದ ಇತ್ತು ಇನ್ನೂ, ಕನ್ನಡಿ ಮುಂದ ನಿಂತು ನನ್ನ ತುಟಿಗೆ ತಿಕ್ಕಿಕೊಂಡೆ. ನಿನ್ನ ತುಟಿ ಮ್ಯಾಲಿಂದು. ನನಗ ಆಗ ನಲವತ್ತನಾಲ್ಕು, ಯಾರು ಹಚ್ಚೋರಿದ್ದರು ನನಗ. ಹಂಗ ಒಂದೀಟು ಕೆಂಪಾತು. ನಕ್ಕೆ. ನೀ ನಕ್ಕಂಗ. ಆಮ್ಯಾಲೆ ಮೂರು ಸಲ ಮೈ ತೊಳಕೊಂಡೆ. ಮರುದಿನ ಸಾಲ್ಯಾಗ ನಿನ್ನ ಮಾರಿ ನೋಡಾಕ ಆಗಲಿಲ್ಲ, ವರ್ಷಪೂರ್ತಿ ಆಗಲಿಲ್ಲ.’

ಶಾಹಿಸ್ತಾ ನಳ ನಿಲ್ಲಿಸಿದಳು. ಹ್ಞೂಂ, ಕೂಡು. ಮಗ್ಗಿ ಹೇಳಿದ ದಿನ ಅಕ್ಕೋರು ಕಿಟಕಿಯ ಕಡೆಗೆ ನೋಡುತ್ತಿದ್ದದ್ದು ನೆನಪಾಯಿತು. ಅದನ್ನು ತಾನು ಹೇವರಿಕೆ ಎಂದುಕೊಂಡಿದ್ದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು. ಅಕ್ಕೋರೇ ಕೇಳಿದರು, ಈಗಿನ ಸಾಬೂನು ಯಾರದು? ಮುಂಡರಗಿದ್ರಿ. ಅದರ ಹಿಂದಿನದು? ಶಿರಹಟ್ಟಿ. ಮಿಂಚತಿತ್ತಲ್ಲ, ಅದಾ? ಹೌದ್ರಿ ಅಕ್ಕೋರ. ಏಕಾದಶಿ ದಿವಸ ಪೂಜಿಗೆ ಕೂತರ ಮೊಣಕಾಲ ಮಿಂಚಾಕ ಹತ್ತಿದ್ದು, ವಿಠಲನ ಕಣ್ಣೆಲ್ಲಾ ನನ್ನ ಮ್ಯಾಲ, ಎಂದರು ಅಕ್ಕೋರು. ಎಂದವರು ಗಂಭೀರವಾಗಿಯೇ ಇರಲು ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಕಲ್ಲಿನ ಮೇಲೆ ಕುಳಿತ ಮುದುಕಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು, ಥೇಟ್ ಶಾಹಿಸ್ತಾಳ ಹಾಗೆಯೇ, ಸದ್ದಿಲ್ಲದೆ, ಉಸಿರು ಕಟ್ಟಿ. ಇಬ್ಬರೂ ನಕ್ಕರು. ಹಿತ್ತಲಿನ ಗೋಡೆಯಾಚೆ ಮಗ್ಗಗಳು ಖಟಖಟ ಎನ್ನುತ್ತಲೇ ಇದ್ದವು.

ನಗು ಇಳಿದ ಮೇಲೆ ಅಕ್ಕೋರು ಮುಷ್ಟಿ ಬಿ‌ಚ್ಚಿ, ಇದರಾಗ ಇನ್ನ ಒಂದೀಟು ಉಳದದ, ಎಂದರು. ಕೇಳಲಿಲ್ಲ, ಹೇಳಿದರಷ್ಟೇ. ಶಾಹಿಸ್ತಾ ಹತ್ತಿರ ಹೋಗಿ ಮೊಣಕಾಲೂರಿದಳು. ಕಿರುಬೆರಳಿನಿಂದ ಕೊಳವೆಯ ತಳ ಕೆದಕಿ, ಎಡಗೈಯಿಂದ ಅಕ್ಕೋರ ಗದ್ದ ಹಿಡಿದಳು. ಒಣಗಿದ ತುಟಿಯ ಮೇಲೆ ಬಣ್ಣ ಹರಡಲು ಹೊತ್ತು ಹಿಡಿಯಿತು, ಗೆರೆಗೆರೆಯಲ್ಲೂ ತುಂಬಬೇಕಾಯಿತು. ಒಂದು ಕಡೆ ಗೆರೆ ದಾಟಿ ಮೇಲೇರಿತು. ಅಭ್ಯಾಸವಿಲ್ಲದ ಕೈ. ಶಾಹಿಸ್ತಾ ಸೆರಗಿನ ತುದಿಯನ್ನು ನಳದ ಹನಿಯಲ್ಲಿ ಒದ್ದೆ ಮಾಡಿಕೊಂಡು, ಆ ಅಂಚನ್ನು ಸರಿಮಾಡಲು ಕೈ ಎತ್ತಿದಳು.

ಅಕ್ಕೋರು ಅವಳ ಮುಂಗೈ ಹಿಡಿದರು.

‘ಒರಸಬ್ಯಾಡ,’ ಎಂದರು. ‘ದೀಪಾ ಹಚ್ಚೂತನಕ ಇರಲಿ.’